ಅವರಿಗೆ ಒಂದು ಹೆಸರಿದೆ

ನಿನ್ನೆ ರಾತ್ರಿ ನಮ್ಮ ಬಡಾವಣೆಯ ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ಇತ್ತು. ಹುಡುಗ ಚೆನ್ನಾಗಿ ಹಾಡಿದ. 'ಯಾರೇ ಕೂಗಾಡಲಿ' ಶುರುವಾಗಿದ್ದೇ ತಡ, ಮುಂದೆ ನೆಲದ ಮೇಲೆ ಕೂತಿದ್ದ ಮಕ್ಕಳಿಂದ ಹಿಡಿದು ಹಿಂದೆ ನಿಂತಿದ್ದ ಆಟೋದವರ ತನಕ ಎಲ್ಲರೂ ಕುಣಿದರು. ಹಾಡು ಮುಗಿಯಿತು. ನಿರೂಪಣೆಯ ಹುಡುಗಿ ಮೈಕ್ ಹಿಡಿದು, "ಈ ಹಾಡಿಗೆ ಸಂಗೀತ ಕೊಟ್ಟೋರು ಯಾರು ಗೊತ್ತಾ? ಇಳಯರಾಜಾ ಅವರ ಗುರುಗಳು!" ಅಂದಳು. ಜೋರು ಚಪ್ಪಾಳೆ. ಮುಂದಿನ ಹಾಡು. ಆ ಗುರುಗಳ ಹೆಸರು ಮಾತ್ರ ಕೊನೆಗೂ ಬರಲೇ ಇಲ್ಲ.

ಜಿ.ಕೆ. ವೆಂಕಟೇಶ್ ಕಣ್ರೀ ಅವರ ಹೆಸರು!

ಇಪ್ಪತ್ತು ವರ್ಷ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿದವನು ನಾನು, ನಿಮಗೆಲ್ಲ ಗೊತ್ತಿರುವುದೇ. ಅವರ ಹಾಡಿನ ಬಿಟ್‌ಗಳು ಈಗಲೂ ನನ್ನ ಬೆರಳಲ್ಲಿವೆ. ಅದಕ್ಕೇ ಇಷ್ಟು ಸಂಕಟ.

ಇಳಯರಾಜಾ ಅವರ ಮೊದಲ ಚಿತ್ರ ಬಂದದ್ದು 1976ರಲ್ಲಿ. ಅದಕ್ಕೂ ಮೊದಲು ವೆಂಕಟೇಶ್ ಏನೇನು ಮಾಡಿ ಮುಗಿಸಿದ್ದರು ನೋಡಿ. 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ರಾಜ್‌ಕುಮಾರ್ ಅವರಿಂದ ಎಸ್. ಜಾನಕಿ ಜೊತೆ 'ತುಂಬಿತು ಮನವ' ಹಾಡಿಸಿದ್ದರು. 1971ರಲ್ಲಿ 'ಕಸ್ತೂರಿ ನಿವಾಸ', ಮರುವರ್ಷವೇ 'ಬಂಗಾರದ ಮನುಷ್ಯ', 1974ರಲ್ಲಿ 'ಭೂತಯ್ಯನ ಮಗ ಅಯ್ಯು'. ನಿನ್ನೆ ಕುಣಿದಿರಲ್ಲ, ಎಮ್ಮೆ ಮೇಲೆ ಕೂತು ಹಾಡುವ ಹಾಡು, ಅದೂ 1974ರದ್ದೇ, 'ಸಂಪತ್ತಿಗೆ ಸವಾಲ್'. ಬರಬರುತ್ತಾ ಅಣ್ಣಾವ್ರ ಹಾಡಿಗೆ ಅಣ್ಣಾವ್ರದೇ ದನಿ ಅನ್ನುವುದು ನಮಗೆಲ್ಲ ರೂಢಿಯಾಯಿತಲ್ಲ, ಅದರ ಬಾಗಿಲು ತೆರೆದದ್ದು ಆ ಹಾಡು.

ಗೆಳೆಯನೊಬ್ಬ ಪಕ್ಕದಲ್ಲೇ ಇದ್ದ. "ಬಿಡೋ ಮಾರಾಯ, ಶಿಷ್ಯನಿಂದ ಗುರುವಿಗೆ ಹೆಸರು ಬಂದ್ರೆ ಅದಕ್ಕಿಂತ ಹೆಮ್ಮೆ ಬೇಕಾ?" ಅಂದ. ಹೆಸರು ಬಂದಿದ್ದರೆ ನಾನೂ ಒಪ್ಪುತ್ತಿದ್ದೆ. ಹೆಸರನ್ನೇ ಹೇಳಲಿಲ್ಲವಲ್ಲ! ಇಳಯರಾಜಾ ಬಗ್ಗೆ ನನಗಿರುವ ಭಕ್ತಿ ಕಡಿಮೆಯದೇನಲ್ಲ. ಅವರು ವೆಂಕಟೇಶರ ಬಳಿ ಗಿಟಾರ್ ಹಿಡಿದು ಕೂತು, ಸಹಾಯಕರಾಗಿ ದುಡಿದು ಬೆಳೆದದ್ದು ನಮಗೂ ಹೆಮ್ಮೆಯೇ. ಆದರೆ ಇನ್ನು ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ, "ಆ ಹಾಡುಗಳನ್ನೆಲ್ಲ ನಿಜವಾಗಿ ಮಾಡಿದ್ದು ಶಿಷ್ಯನೇ" ಅಂತಾರೆ. ಇದನ್ನು ಕೇಳಿದರೆ ಮೈ ಉರಿಯುತ್ತದೆ. 1943ರಲ್ಲಿ ಹುಟ್ಟಿದ ಹುಡುಗನಿಗೆ 'ತುಂಬಿತು ಮನವ' ಬಂದಾಗ ಹದಿನಾರು ವರ್ಷ. 'ಸಂಧ್ಯಾರಾಗ' ಬಂದ 1966ರಲ್ಲಿ ಅವರಿನ್ನೂ ಮದ್ರಾಸಿಗೇ ಬಂದಿರಲಿಲ್ಲ.

'ಸಂಧ್ಯಾರಾಗ' ಅಂದೆ, ಅಲ್ಲಿ ಸ್ವಲ್ಪ ನಿಲ್ಲಬೇಕು. ಅನಕೃ ಕಾದಂಬರಿ. ಸಂಗೀತಗಾರನ ಕಥೆ, ಹಾಡು ಸೋತರೆ ಸಿನಿಮಾನೇ ಸೋತಂತೆ. ವೆಂಕಟೇಶ್ ಮತ್ತು ಬಾಲಮುರಳಿಕೃಷ್ಣ ಸೇರಿ ಸಂಗೀತ ಮಾಡಿದರು. 'ನಂಬಿದೆ ನಿನ್ನ ನಾದದೇವತೆಯೇ' ಹಾಡನ್ನು ಒಂದು ಕಡೆ ಭೀಮಸೇನ ಜೋಶಿ ಹಾಡುತ್ತಾರೆ, ಇನ್ನೊಂದು ಕಡೆ ಬಾಲಮುರಳಿ. ಒಂದೇ ಸಿನಿಮಾದೊಳಗೆ ಹಿಂದುಸ್ತಾನಿ, ಕರ್ನಾಟಕಿ ಎರಡೂ ದಿಗ್ಗಜರು!

ಹನ್ನೊಂದು ವರ್ಷ ಕಳೆದು 'ಸನಾದಿ ಅಪ್ಪಣ್ಣ' ಬಂತು. ತೆರೆಯ ಮೇಲೆ ರಾಜ್, ಶಹನಾಯಿಯಲ್ಲಿ ಉಸ್ತಾದ್ ಬಿಸ್ಮಿಲ್ಲಾ ಖಾನ್. 'ಕರೆದರೂ ಕೇಳದೆ' ಹಾಡನ್ನು ನುಡಿಸುವಾಗೆಲ್ಲ ನಾನು ಒದ್ದಾಡಿದ್ದೇನೆ. ಜಾನಕಿಯಮ್ಮ ಒಂದು ಸಾಲು ಬಿಡುತ್ತಾರೆ, ಶಹನಾಯಿ ಅದನ್ನು ಎತ್ತಿಕೊಳ್ಳುತ್ತದೆ. ಉಸ್ತಾದರ ಉಸಿರಿಗೆ ಅಲ್ಲಿ ಜಾಗ ಬಿಟ್ಟಿದ್ದಾರೆ ವೆಂಕಟೇಶ್. ಅಂಥ ವಾದ್ಯ ಕೈಗೆ ಸಿಕ್ಕಿತೆಂದು ಹಾಡಿನ ತುಂಬ ಸುರಿಯಲಿಲ್ಲ. ಕೀಬೋರ್ಡಿನಲ್ಲಿ ಶಹನಾಯಿ ಟೋನ್ ಹಾಕಿಕೊಂಡು ನಾನೆಷ್ಟೇ ತಿಣುಕಿದರೂ ಆ ಉಸಿರು ಬರಲಿಲ್ಲ.

ಮರುವರ್ಷ ಅದೇ ಮನುಷ್ಯ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ಗಾಜನೂರಿನ ನಮ್ಮ ಅಣ್ಣಾವ್ರಿಂದ 'ಇಫ್ ಯು ಕಮ್ ಟುಡೇ' ಅಂತ ಇಂಗ್ಲಿಷ್ ಹಾಡು ಹಾಡಿಸಿದರು. ಇವತ್ತಿನ ಹುಡುಗರ ಮೊಬೈಲಿನಲ್ಲೂ ಅದು ಓಡಾಡುತ್ತಿದೆ. ಯಾರ ಹಾಡು ಅಂತ ಕೇಳಿ, ರಾಜ್‌ಕುಮಾರ್ ಹಾಡು ಅನ್ನುತ್ತಾರೆ.

ಹೈದರಾಬಾದಿನಲ್ಲಿ ಹುಟ್ಟಿ, ಮದ್ರಾಸಿನಲ್ಲಿ ಪಳಗಿ, ಕನ್ನಡಕ್ಕೆ ಇಷ್ಟೆಲ್ಲ ಕೊಟ್ಟು 1993ರಲ್ಲಿ ಹೊರಟುಹೋದರು. ಅವರನ್ನು ನೆನೆಯಲು ನಮಗೆ ಇನ್ನೊಬ್ಬರ ಹೆಸರು ಬೇಕೇ?

ಒಂದು ಮಾತು ಮುಚ್ಚಿಡಬಾರದು. ಎಷ್ಟೋ ವರ್ಷದ ಹಿಂದೆ ತಮಿಳು ಸಹೋದ್ಯೋಗಿಯೊಬ್ಬರಿಗೆ ವೆಂಕಟೇಶರನ್ನು ಪರಿಚಯಿಸುವಾಗ ನಾನೂ, "ನಿಮ್ಮ ಇಳಯರಾಜಾ ಇದ್ದಾರಲ್ಲ, ಅವರ ಗುರು" ಅಂದಿದ್ದೆ. ಅವರ ಕಣ್ಣು ಅರಳಿದ್ದು ಕಂಡು ಖುಷಿಯೂ ಪಟ್ಟಿದ್ದೆ. ನಿನ್ನೆ ಆ ಹುಡುಗಿಯ ಮಾತು ಕೇಳುವಾಗ ನನಗೆ ಕೇಳಿಸಿದ್ದು ನನ್ನದೇ ದನಿ. ರಾತ್ರಿ ಮನೆಗೆ ಬಂದವನೇ ಆ ಸಹೋದ್ಯೋಗಿಗೆ 'ಕರೆದರೂ ಕೇಳದೆ' ಹಾಡಿನ ಲಿಂಕ್ ಕಳಿಸಿದೆ. ಕೆಳಗೆ ಬರೆದದ್ದು ಇಷ್ಟೇ: ಸಂಗೀತ, ಜಿ.ಕೆ. ವೆಂಕಟೇಶ್. ಕನ್ನಡ, 1977.