ಐ7 ಸ್ಟಿಕ್ಕರಿಗೆ ಗಂಧ-ಕುಂಕುಮ

ಕರಾವಳಿಯ ಮದುವೆ ಫೋಟೋಗ್ರಾಫರಿಗೆ ಪುರುಸೊತ್ತು ಸಿಗುವುದು ತುಳುವರ ಆಷಾಢವಾದ ಆಟಿ ತಿಂಗಳಲ್ಲಿ ಮಾತ್ರ. ಶುಭಕಾರ್ಯ ಇಲ್ಲ, ಹೊರಗೆ ಬಿಡದ ಮಳೆ, ಹಳೆ ಲ್ಯಾಪ್‌ಟಾಪ್ ಒಂದು ಆಲ್ಬಮ್ ತೆರೆಯುವಷ್ಟರಲ್ಲಿ ಅಡುಗೆಮನೆಯಲ್ಲಿ ಪತ್ರೊಡೆ ಬೆಂದು ಇಳಿದಿರುತ್ತದೆ. ಬದಲಾಯಿಸುವುದಾದರೆ ಇದೇ ಸಮಯ. ಆದರೆ ಆಟಿಯಲ್ಲಿ ಹೊಸ ವಸ್ತು ಮನೆಗೆ ತರಬಾರದು ಅಂತ ಹಿರಿಯರ ಅಪ್ಪಣೆ ಉಂಟಲ್ಲ! ಮುಂದಿನ ತಿಂಗಳು ಸೋಣ ಬರಲಿ, ಚೌತಿ ಕಳೆಯಲಿ, ಆಯುಧಪೂಜೆಯ ಆಫರ್ ನೋಡುವ ಎಂದು ಮುಂದೂಡಿ, ಪೆಟ್ಟಿಗೆ ಒಡೆಯುವಾಗ ನವರಾತ್ರಿ. ತುಳಸಿ ಪೂಜೆ ಮುಗಿಯಿತೋ, ಮದುವೆಗಳ ಸಾಲು ಶುರು. ಹೊಸ ಯಂತ್ರದ ಗುಣಸ್ವಭಾವ ಅರಿಯಲು ಸಿಗುವುದು ಒಂದು ತಿಂಗಳ ಚಿಲ್ಲರೆ, ಅದರಲ್ಲೂ ವಿಂಡೋಸ್ ಅಪ್‌ಡೇಟಿನ ಪಾಲು ಬೇರೆ.

ಅಂಗಡಿಗೆ ಓಡುವ ಮೊದಲು ಮಾಡಬೇಕಾದ ಒಂದು ಕೆಲಸ ಉಂಟು, ಅದನ್ನು ಹೆಚ್ಚಿನವರು ಮಾಡುವುದಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು, ಲೈಟ್‌ರೂಮಿನಲ್ಲಿ (ಫೋಟೋ ತಿದ್ದುವ ತಂತ್ರಾಂಶ) ಎಂದಿನ ಕೆಲಸ ಮಾಡುತ್ತಾ ಯಾವುದು ಏದುಸಿರು ಬಿಡುತ್ತಿದೆ ಎಂದು ನೋಡುವುದು. ಪ್ರೊಸೆಸರ್ ಶೇ. 15ರಲ್ಲಿ ಕಾಲು ಚಾಚಿ ಮಲಗಿದ್ದು ಡಿಸ್ಕ್ ಶೇ. 100ರಲ್ಲಿ ಒದ್ದಾಡುತ್ತಿದ್ದರೆ ತಪ್ಪು ಹಾರ್ಡ್‌ಡಿಸ್ಕಿನದ್ದು, ಇಲ್ಲವೇ ಅದರ ವೇಗದ ತಮ್ಮನಾದ, ಕಂಠಮಟ್ಟ ತುಂಬಿದ ಎಸ್‌ಎಸ್‌ಡಿಯದ್ದು. ಮೆಮೊರಿ ಶೇ. 95 ದಾಟಿದ್ದರೆ ಕೆಲಸದ ಹೊತ್ತಿನ ತಾತ್ಕಾಲಿಕ ಮೆಮೊರಿ, ಅಂದರೆ ರ‍್ಯಾಮ್ ಸಾಲದು.

ಯಾಕೆ ಸಾಲದು? ನಮ್ಮಲ್ಲಿ ಚಾಲ್ತಿಯಲ್ಲಿರುವ 12×36 ಇಂಚಿನ ಆಲ್ಬಮ್ ಹಾಳೆಯನ್ನೇ ತೆಗೆದುಕೊಳ್ಳಿ. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಅದು 3,600×10,800 ಪಿಕ್ಸೆಲ್. ಬರೀ 8 ಬಿಟ್ ಬಣ್ಣದಲ್ಲೂ ಒಂದು ಪೂರ್ಣ ಲೇಯರಿಗೆ (ಒಂದರ ಮೇಲೊಂದು ಹಾಸುವ ಚಿತ್ರದ ಪದರ) ಸುಮಾರು 117 ಎಂಬಿ ಬೇಕು. ಹಿಂದೆ ಗುಲಾಬಿ, ಗುಲಾಬಿಯ ಮೇಲೆ ಮಂಜು, ಮಂಜಿನೊಳಗೆ ಮದುಮಗಳ ಮಸುಕು ಮುಖ, ಮೂಲೆಯಲ್ಲಿ ಯಾರೂ ಕೇಳದ ಜೋಡಿ ಪಾರಿವಾಳ ಎಂದು 20 ಲೇಯರ್ ಹೇರಿದರೆ 2 ಜಿಬಿ ದಾಟಿತು. 8 ಜಿಬಿಯಲ್ಲಿ ವಿಂಡೋಸ್ ತನ್ನ ಪಾಲಿನ ಮೂರ್ನಾಲ್ಕು ಜಿಬಿ ಮೊದಲೇ ಎತ್ತಿಟ್ಟಿರುತ್ತದೆ, ಬ್ರೌಸರಿನಲ್ಲಿ ವಾಟ್ಸ್ಯಾಪ್ ತೆರೆದಿರುತ್ತದೆ. ಉಳಿದದ್ದನ್ನು ಫೋಟೋಶಾಪ್ ಸಿ ಡ್ರೈವಿನಲ್ಲಿ ಗುಡ್ಡೆ ಹಾಕುತ್ತದೆ. ಅಲ್ಲಿಯೂ ಜಾಗ ಇಲ್ಲದಾಗ ಬರುವುದೇ ‘ಸ್ಕ್ರ್ಯಾಚ್ ಡಿಸ್ಕ್ ಫುಲ್’ ಎಂಬ ಆ ಪ್ರಸಿದ್ಧ ಸಂದೇಶ. ಅದು ಬರುವುದು ಯಾವಾಗಲೂ ಸೇವ್ ಮಾಡದೆ ಎರಡು ಗಂಟೆ ಕಳೆದ ಮೇಲೆಯೇ. ಈ ಕೆಲಸಕ್ಕೆ 16 ಜಿಬಿ ಕನಿಷ್ಠ, 32 ಜಿಬಿ ನೆಮ್ಮದಿ.

ಡಿಸ್ಕ್ ಮತ್ತು ರ‍್ಯಾಮ್ ಎರಡೂ ಹಳೆ ಯಂತ್ರದಲ್ಲೇ ವಾಸಿಯಾಗುವ ಕಾಯಿಲೆ. ಹಾಗೆಂದು ಸ್ಕ್ರೂ ಡ್ರೈವರ್ ಹಿಡಿದು ಕೂತವರ ಅವಾಂತರಗಳೂ ಕಡಿಮೆ ಇಲ್ಲ. ಡಿಡಿಆರ್4 ಮತ್ತು ಡಿಡಿಆರ್5 ಎಂಬ ಎರಡು ತಲೆಮಾರಿನ ರ‍್ಯಾಮ್ ಪಟ್ಟಿಗಳು ನೋಡಲು ಅಣ್ಣ-ತಮ್ಮ, ಕಚ್ಚು ಇರುವ ಜಾಗ ಮಾತ್ರ ಬೇರೆ. ಒತ್ತಿದರೆ ಕೂರುವುದಿಲ್ಲ, ಇನ್ನೂ ಒತ್ತಿದರೆ ಸ್ಲಾಟ್ ಮುರಿಯುತ್ತದೆ. ಎಂ.2 ಎಸ್‌ಎಸ್‌ಡಿಯಲ್ಲಿ 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ನಿಮ್ಮ ಲ್ಯಾಪ್‌ಟಾಪಿನಲ್ಲಿ 2242ಕ್ಕೆ ಮಾತ್ರ ಜಾಗ ಇದ್ದರೆ ಉಳಿದ 38 ಮಿ.ಮೀ. ಬ್ಯಾಟರಿಯ ಮೇಲೆ ಸವಾರಿ ಮಾಡುತ್ತದೆ. ಮುಚ್ಚಳ ತೆಗೆದ ಕೂಡಲೇ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಕಾಗದದ ಮೇಲೆ ಇಡಿ, ಏಕೆಂದರೆ ಹಿಂಬದಿಯವು ಉದ್ದ, ಮುಂದಿನವು ಗಿಡ್ಡ ಇರುವುದೇ ಹೆಚ್ಚು. ಉದ್ದದ್ದನ್ನು ಗಿಡ್ಡದರ ತೂತಿಗೆ ತಿರುಗಿಸಿದರೆ ಅಂಗೈ ಇಡುವ ಜಾಗದಲ್ಲಿ ಸಣ್ಣ ಮೊಡವೆ ಏಳುತ್ತದೆ. ರ‍್ಯಾಮ್ ಮದರ್‌ಬೋರ್ಡಿಗೇ ಬೆಸುಗೆಯಾಗಿ ಬಂದಿದ್ದರೆ ಮುಚ್ಚಳ ತೆಗೆದದ್ದೂ ದಂಡ. ಮಾಡೆಲ್ ನಂಬರ್ ನೋಡಿ ಮೊದಲೇ ತಿಳಿದುಕೊಳ್ಳಬಹುದಿತ್ತು.

ಇನ್ನು ಅಂಗಡಿ. ಮಂಗಳೂರಿನ ಹಂಪನಕಟ್ಟೆಯಾಗಲಿ ಮಣಿಪಾಲವಾಗಲಿ, ಗಿರಾಕಿಯ ಜೊತೆಗೆ ಫೋನಿನಲ್ಲಿ ಒಬ್ಬ ಬೆಂಗಳೂರಿನ ಭಾವ ಇದ್ದೇ ಇರುತ್ತಾನೆ. “ಐ7 ಅಲ್ಲದೆ ಬೇರೆ ಮುಟ್ಟಬೇಡ ಮಾರಾಯ” ಎನ್ನುವುದು ಅವನ ಏಕಮಾತ್ರ ಸಲಹೆ. ಐ7, ಐ5 ಎಲ್ಲ ಇಂಟೆಲ್ ಪ್ರೊಸೆಸರಿನ ದರ್ಜೆಯ ಹೆಸರುಗಳು. 2022ರ 12ನೇ ತಲೆಮಾರನ್ನೇ ನೋಡಿ: ಐ7-1255ಯು ಚಿಪ್ಪಿನಲ್ಲಿ ಗಟ್ಟಿ ಕೆಲಸದ ಕೋರ್ (ಲೆಕ್ಕ ಮಾಡುವ ಘಟಕ) ಎರಡೇ, ಐ5-12500ಎಚ್‌ನಲ್ಲಿ ನಾಲ್ಕು. ಮೊದಲನೆಯದು 15 ವಾಟಿನ ಬುನಾದಿಯದ್ದು, ಎರಡನೆಯದು 45 ವಾಟಿನದ್ದು. ಸಾವಿರ ಫೋಟೋ ಎಕ್ಸ್‌ಪೋರ್ಟಿಗೆ ಹಾಕಿದಾಗ ಐ5 ಮುಂದೆ ಹೋಗುತ್ತದೆ, ಐ7 ಸ್ಟಿಕ್ಕರ್ ಮಾತ್ರ ಹೊಳೆಯುತ್ತಾ ಉಳಿಯುತ್ತದೆ. ಕೊನೆಯ ಅಕ್ಷರ ನೋಡಬೇಕು, ಮೊದಲಿನದ್ದಲ್ಲ. ಗ್ರಾಫಿಕ್ಸ್ ಕಾರ್ಡಿನಲ್ಲೂ ಇದೇ ಕಣ್ಣುಕಟ್ಟು. ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನಲ್ಲಿ 35 ವಾಟಿನಿಂದ 115 ವಾಟಿನವರೆಗೂ ಲ್ಯಾಪ್‌ಟಾಪ್‌ಗಳಿವೆ. ರಾತ್ರಿ ಕಂಬಳದ ಓಟದ ಗದ್ದೆಯಾದ ಕರೆಯಲ್ಲೋ ಭೂತಕೋಲದ ದೀವಟಿಗೆಯ ಬೆಳಕಿನಲ್ಲೋ ಐಎಸ್‌ಒ 6400ಕ್ಕೆ ಏರಿಸಿ ತೆಗೆದ ಚಿತ್ರಕ್ಕೆ ಲೈಟ್‌ರೂಮಿನ ಎಐ ಡಿನಾಯ್ಸ್ (ಕಾಳು ಕಾಳಾದ ಚುಕ್ಕೆ ತೆಗೆಯುವ ಸೌಲಭ್ಯ) ಕೊಟ್ಟಾಗ ಗೊತ್ತಾಗುವುದು ಇದರ ವ್ಯತ್ಯಾಸ. ಒಳ್ಳೆಯ ಕಾರ್ಡಿಗೆ ಅದು ಸೆಕೆಂಡುಗಳ ಕೆಲಸ, ಕಾರ್ಡೇ ಇಲ್ಲದ ಯಂತ್ರಕ್ಕೆ ಚಿತ್ರವೊಂದಕ್ಕೆ ನಿಮಿಷಗಟ್ಟಲೆ. ಕೋಣಗಳು 150 ಮೀಟರಿನ ಆಸುಪಾಸಿನ ಕರೆಯನ್ನು 15 ಸೆಕೆಂಡೂ ತೆಗೆದುಕೊಳ್ಳದೆ ಮುಗಿಸುವ ಊರಿದು, ಫೋಟೋ ಬರುವಾಗ ಮುಂದಿನ ವಾರದ ಕಂಬಳವೂ ಕಳೆದಿರುತ್ತದೆ.

ಆದರೆ ನನ್ನ ಪ್ರಕಾರ ಅತಿ ಹೆಚ್ಚು ದುಡ್ಡು ಹಾಳಾಗುವುದು ಪರದೆಯಲ್ಲಿ, ಅದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಗುಣವಿವರಗಳ ಪಟ್ಟಿಯ ಕೊನೆಗೆ ‘45% ಎನ್‌ಟಿಎಸ್‌ಸಿ’ ಎಂದು, ಪರದೆ ತೋರಿಸಬಲ್ಲ ಬಣ್ಣಗಳ ಅಳತೆಯನ್ನು ನಾಚಿಕೊಂಡು ಬರೆದಿರುತ್ತಾರೆ. ಅಂದರೆ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಮಾನಕದ ಬಣ್ಣಗಳಲ್ಲಿ ಮೂರರಲ್ಲಿ ಎರಡು ಪಾಲು ಕೂಡ ಪೂರ್ತಿ ಬರುವುದಿಲ್ಲ. ಇದರಲ್ಲಿ ಹುಲಿವೇಷದ ಫೋಟೋ ತೆರೆದು ನೋಡಿ. ದಸರೆಯ ಬಿಸಿಲಿಗೆ ಕಣ್ಣು ಕುಕ್ಕಿದ ಆ ಹಳದಿ ಇಲ್ಲಿ ಹಳಸಿದ ಹೋಳಿಗೆಯ ಬಣ್ಣಕ್ಕೆ ಇಳಿದಿರುತ್ತದೆ. ಎಡಿಟ್ ಮಾಡುವವರು ಸ್ಯಾಚುರೇಶನ್ 20 ಏರಿಸುತ್ತಾರೆ, ಸಮಾಧಾನವಾಗದೆ ಇನ್ನೊಂದು 10. ಅದೇ ಚಿತ್ರ ಗಿರಾಕಿಯ ಅಮೊಲೆಡ್ ಫೋನಿಗೆ ಹೋದಾಗ ಹುಲಿ ಉರಿಯುತ್ತದೆ. ಗಂಟೆಗಟ್ಟಲೆ ನಿಂತು ಎದೆಯ ಮೇಲೆ ಬರೆಸಿಕೊಂಡ ಪಟ್ಟೆಗಳೆಲ್ಲ ಕಿತ್ತಳೆಯೊಳಗೆ ಕರಗಿ, ವೇಷಧಾರಿಯೇ ತನ್ನನ್ನು ಗುರುತು ಹಿಡಿಯಲಾರ. ಧಾರೆ ಸೀರೆಯ ಕೆಂಪಿಗೂ ಇದೇ ಗತಿ. ಮದುಮಗಳ ಅಮ್ಮ ಅಂಗಡಿ ಅಂಗಡಿ ಹತ್ತಿ ಆರಿಸಿದ ಮರೂನ್ ಆಲ್ಬಮಿನಲ್ಲಿ ಟೊಮೆಟೊ ಆಗಿ ಬಂದರೆ ಬಾಕಿ ಹಣ ಕೇಳುವ ಧೈರ್ಯ ಯಾರಿಗುಂಟು? ‘100% ಎಸ್‌ಆರ್‌ಜಿಬಿ’ ಎಂದು ಬರೆದದ್ದನ್ನೇ ಕೇಳಿ ಪಡೆಯಬೇಕು. 72% ಎನ್‌ಟಿಎಸ್‌ಸಿ ಎಂದಿದ್ದರೂ ಹೆಚ್ಚುಕಡಿಮೆ ಅಷ್ಟೇ.

ಒಳ್ಳೆಯ ಪರದೆ ತಂದ ಮೇಲೂ ಬ್ರೈಟ್‌ನೆಸ್ ತುದಿಗೆ ಏರಿಸಿ ಕೂತರೆ ಪ್ರಿಂಟ್ ಕಪ್ಪಾಗಿ ಬರುತ್ತದೆ. ಮಳೆಗಾಲದ ಕತ್ತಲೆ ಕೋಣೆಯಲ್ಲಿ 300 ನಿಟ್ಸ್ (ಪರದೆಯ ಬೆಳಕಿನ ಅಳತೆ) ಬೆಳಕಿಗೆ ಕಣ್ಣು ಒಗ್ಗಿರುತ್ತದೆ, ಕಾಗದಕ್ಕೆ ಅಷ್ಟು ಬೆಳಕು ಎಲ್ಲಿಂದ ಬರಬೇಕು? ಪ್ರಿಂಟಿನ ಕೆಲಸಕ್ಕೆ 100ರಿಂದ 120 ನಿಟ್ಸ್ ಸಾಕು. ಲ್ಯಾಬಿನವರಿಗೆ ಬೈಯುವ ಮೊದಲು ವಿಂಡೋಸಿನ ನೈಟ್ ಲೈಟ್ ಆಫ್ ಉಂಟಾ ಅಂತಲೂ ನೋಡಿ. ಅದು ಸಂಜೆ ತಾನಾಗಿ ಪರದೆಯನ್ನು ಹಳದಿ ಮಾಡುತ್ತದೆ, ಎಡಿಟರ್ ಆ ಹಳದಿ ತೆಗೆಯಲು ಹೋಗಿ ಇಡೀ ದಿಬ್ಬಣವನ್ನು ನೀಲಿ ಮಾಡಿ ಕಳಿಸುತ್ತಾರೆ.

ಕಾರ್ಡ್ ರೀಡರಿನದ್ದು ಸಣ್ಣ ವಿಷಯ, ದೊಡ್ಡ ಕಿರಿಕಿರಿ. ಹೆದ್ದಾರಿ ಎಷ್ಟು ಅಗಲವಿದ್ದರೇನು, ಎಲ್ಲರೂ ಮಂಗಳೂರಿನ ನಂತೂರು ಸರ್ಕಲಿಗೆ ಬಂದು ನಿಲ್ಲಬೇಕಲ್ಲ, ಹಾಗೆ. ಒಳಗಿನ ಎನ್‌ವಿಎಂಇ ಎಸ್‌ಎಸ್‌ಡಿ ಸೆಕೆಂಡಿಗೆ 3,500 ಎಂಬಿ ಓದಬಲ್ಲದು. ಆದರೆ ಯುಎಚ್‌ಎಸ್-1 ಎಂಬ ವೇಗದ ದರ್ಜೆಯ ಕಾರ್ಡ್ ಸ್ಲಾಟಿನ ಮಿತಿ 104 ಎಂಬಿ, ಕೈಗೆ ಸಿಗುವುದು 90ರ ಆಸುಪಾಸು. ಒಂದು ಮದುವೆಯ 3,000 ರಾ ಫೈಲ್ (ಕ್ಯಾಮೆರಾದ ಕಚ್ಚಾ ಚಿತ್ರ), ಒಂದೊಂದು 30 ಎಂಬಿ ಎಂದರೆ 90 ಜಿಬಿ. ಸುಮಾರು 17 ನಿಮಿಷ. ಅದನ್ನೇ ಹಳೆ ಯುಎಸ್‌ಬಿ 2.0 ರೀಡರಿಗೆ ಸಿಕ್ಕಿಸಿದರೆ ಮುಕ್ಕಾಲು ಗಂಟೆ. ದುಬಾರಿ ಯುಎಚ್‌ಎಸ್-2 ಕಾರ್ಡ್ ಕೊಂಡವರು ಅದರ ಬೆನ್ನಿನ ಎರಡನೇ ಸಾಲಿನ ಪಿನ್ನುಗಳನ್ನು ಮುಟ್ಟುವ ರೀಡರನ್ನೂ ಕೊಳ್ಳಬೇಕು. ಇಲ್ಲವಾದರೆ ಆ ಸಾಲು ಬರೀ ಅಲಂಕಾರ.

ಯಂತ್ರ ಬಂತು, ಗಂಧ-ಕುಂಕುಮ ಹಚ್ಚಿಯಾಯಿತು, ಅಕ್ಷತೆಯ ಒಂದು ಕಾಳು ಎಂಟರ್ ಕೀಲಿಯ ಅಡಿಗೆ ಸೇರಿಯೂ ಆಯಿತು. ನಿಜವಾದ ಫಜೀತಿ ಇನ್ನು ಮುಂದೆ.

ಹಳೆ ಎಕ್ಸ್‌ಟರ್ನಲ್ ಡ್ರೈವ್ ಸಿಕ್ಕಿಸಿ ಲೈಟ್‌ರೂಮ್ ತೆರೆದರೆ ಪ್ರತಿ ಫೋಲ್ಡರಿನ ಮೇಲೂ ಪ್ರಶ್ನಾರ್ಥಕ ಚಿಹ್ನೆ. ಐದು ವರ್ಷದ ಮದುವೆಗಳು ಹೋದವು ಎಂದು ಎದೆ ಒಡೆದುಕೊಳ್ಳಬೇಡಿ. ಹಳೆಯದರಲ್ಲಿ ‘ಇ’ ಆಗಿದ್ದ ಡ್ರೈವ್ ಹೊಸದರಲ್ಲಿ ‘ಎಫ್’ ಆಗಿದೆ, ಅಷ್ಟೇ. ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಹಳೆ ಅಕ್ಷರವನ್ನೇ ಕೊಟ್ಟರೆ ಎಲ್ಲ ಮದುವೆಗಳೂ ವಾಪಸ್. ಗಾಬರಿಯಲ್ಲಿ ಎಲ್ಲವನ್ನೂ ಮತ್ತೆ ಇಂಪೋರ್ಟ್ ಮಾಡಿದರೆ ಮಾತ್ರ ಎಡಿಟ್ ಇಲ್ಲದ ಇನ್ನೊಂದು ಪ್ರತಿ ಸಾಲಾಗಿ ಕೂರುತ್ತದೆ. ಮ್ಯಾಕ್‌ಬುಕ್ ಕೊಂಡವರಿಗೆ ಬೇರೆಯದೇ ಪರೀಕ್ಷೆ: ವಿಂಡೋಸಿನ ಎನ್‌ಟಿಎಫ್‌ಎಸ್ ಡ್ರೈವನ್ನು ಅದು ಓದುತ್ತದೆ, ಅದರ ಮೇಲೆ ಬರೆಯುವುದಿಲ್ಲ.

ಎಡಿಟ್‌ಗಳ ಲೆಕ್ಕವೆಲ್ಲ ಇರುವ ಲೈಟ್‌ರೂಮಿನ ಕ್ಯಾಟಲಾಗ್ ಇರುವುದು ಸಾಮಾನ್ಯವಾಗಿ ಪಿಕ್ಚರ್ಸ್ ಫೋಲ್ಡರಿನಲ್ಲಿ. ಹೊಸ ವಿಂಡೋಸ್ ನಿಮ್ಮನ್ನು ಕೇಳಿದ ಹಾಗೆ ಮಾಡಿ ಆ ಫೋಲ್ಡರನ್ನು ಮೈಕ್ರೋಸಾಫ್ಟಿನ ಆನ್‌ಲೈನ್ ಗೋದಾಮಾದ ಒನ್‌ಡ್ರೈವಿಗೆ ಸೇರಿಸಿಬಿಟ್ಟಿರುತ್ತದೆ. ಪುಕ್ಕಟೆ ಜಾಗ 5 ಜಿಬಿ. ಮದರಂಗಿಯ ಅರ್ಧದಲ್ಲೇ ಅದು ತುಂಬಿ, ದುಡ್ಡು ಕಟ್ಟಿ ಎಂದು ದಿನಾ ನೆನಪಿಸತೊಡಗುತ್ತದೆ. ಕ್ಯಾಟಲಾಗನ್ನು ಒನ್‌ಡ್ರೈವಿನ ಕೈಗೆ ಸಿಗದ ಬೇರೆ ಫೋಲ್ಡರಿಗೆ ಸರಿಸುವುದು ಮೊದಲ ದಿನದ ಕೆಲಸ.

ಎಲ್ಲಕ್ಕಿಂತ ಮಜಾ ಫಾಂಟಿನದ್ದು. ಹಳೆ ಆಲ್ಬಮ್ ಹಾಳೆಗಳಲ್ಲಿ ‘ಶ್ರೀ’, ‘ಶುಭ ವಿವಾಹ’ ಎಲ್ಲ ಯುನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿರುತ್ತವೆ. ಹೊಸ ಯಂತ್ರಕ್ಕೆ ಆ ಫಾಂಟ್ ಹಾಕಲು ಯಾರಿಗೂ ನೆನಪಿರುವುದಿಲ್ಲ. ಫೋಟೋಶಾಪಿನ ಪಿಎಸ್‌ಡಿ ಫೈಲ್ ತೆರೆದಾಗ ಅಕ್ಷರಗಳು ಸರಿಯಾಗಿಯೇ ಕಾಣುತ್ತವೆ, ಲೇಯರಿನ ಪಕ್ಕ ಸಣ್ಣ ಎಚ್ಚರಿಕೆಯ ಗುರುತು ಮಾತ್ರ. ಹೆಸರು ಬದಲಿಸಲು ಎರಡು ಸಲ ಕ್ಲಿಕ್ ಮಾಡಿ, ಕೇಳಿದ್ದಕ್ಕೆಲ್ಲ ಓಕೆ ಒತ್ತಿದಿರೋ, ‘ಶ್ರೀ’ ಇದ್ದಲ್ಲಿ ಮೇಲೆ ಹತ್ತಿ ಕೂತ ಪುಟ್ಟ 2, ಒಂದಕ್ಕೊಂದು ಅಂಟಿಕೊಂಡ ಇಂಗ್ಲಿಷಿನ ಎ ಮತ್ತು ಇ, ತಲೆಯ ಮೇಲೆ ಅಲೆ ಹೊತ್ತ ಇನ್ನೊಂದು ಎ. ‘ಶುಭ ವಿವಾಹ’ ಶುರುವಾಗುವುದೇ ಪ್ಲಸ್-ಮೈನಸ್ ಚಿಹ್ನೆಯಿಂದ. ವಿವಾಹದ ಬಗ್ಗೆ ಅದು ತೀರಾ ಸುಳ್ಳು ಅಂತಲೂ ಹೇಳುವಂತಿಲ್ಲ, ಆದರೆ ಮುಖಪುಟದ ಮೇಲೆ ಚಿನ್ನದ ಬಣ್ಣದಲ್ಲಿ ಬೇಡ. ಹಳೆ ಲ್ಯಾಪ್‌ಟಾಪಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನು ಮೊದಲೇ ಪ್ರತಿ ಮಾಡಿ ತನ್ನಿ. ಯುನಿಕೋಡಿಗೆ ಬದಲಾಗುವವರು, ಹಳೆ ಆವೃತ್ತಿಯ ಫೋಟೋಶಾಪ್ ಇದ್ದರೆ, ಅದರ ಟೈಪ್ ಆಯ್ಕೆಗಳಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಬೇಕು. ಇಲ್ಲದಿದ್ದರೆ ಒತ್ತಕ್ಷರಗಳೆಲ್ಲ ಕಳಚಿ, ‘ಲಕ್ಷ್ಮೀ’ ತುಂಡು ತುಂಡಾಗಿ ನಿಲ್ಲುತ್ತಾಳೆ.

ಬಿಟ್‌ಲಾಕರ್ ವಿಷಯ ಚುಟುಕಾಗಿ. ಇಂದಿನ ಅನೇಕ ವಿಂಡೋಸ್ 11 ಯಂತ್ರಗಳು ಡಿಸ್ಕನ್ನು ತಾವಾಗಿಯೇ ಬೀಗ ಹಾಕಿಕೊಳ್ಳುತ್ತವೆ. ಯಂತ್ರವನ್ನು ಎಬ್ಬಿಸುವ ತಂತ್ರಾಂಶವಾದ ಬಯಾಸ್ ಅಪ್‌ಡೇಟ್ ಆದ ಮೇಲೊಂದು ದಿನ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಇರುವುದು ಮೈಕ್ರೋಸಾಫ್ಟ್ ಖಾತೆಯಲ್ಲಿ. ಆ ಖಾತೆಯನ್ನು ತೆರೆದದ್ದು, ಅಂಗಡಿಯಲ್ಲಿ ಗಿರಾಕಿಗಳ ಗಡಿಬಿಡಿಯ ನಡುವೆ, ಬಾಯಿಗೆ ಬಂದ ಇಮೇಲ್ ಹೆಸರು ಹಾಕಿದ ಹುಡುಗ. ಅವನು ಈಗ ದುಬೈಯಲ್ಲಿದ್ದಾನೆ. ಖಾತೆ ನಿಮ್ಮದೇ ಇರಲಿ, ಕೀಯನ್ನು ಕಾಗದದ ಮೇಲೆ ಬರೆದು ಪಂಚಾಂಗದೊಳಗೆ ಇಡಿ.

ಲೋಹದ ಮೈಯ ಹೊಸ ಲ್ಯಾಪ್‌ಟಾಪನ್ನು ಚಾರ್ಜಿಗಿಟ್ಟು ಬರಿಗಾಲಲ್ಲಿ ನೆಲಕ್ಕೆ ಕಾಲೂರಿ ಮುಟ್ಟಿದರೆ ಬೆರಳ ತುದಿಯಲ್ಲಿ ಜುಂ ಎನ್ನುತ್ತದೆ. “ಶಾಕ್ ಹೊಡೀತದೆ” ಎಂದು ವಾಪಸ್ ಕೊಡಲು ಹೊರಡುವವರಿದ್ದಾರೆ. ಅಡಾಪ್ಟರಿನೊಳಗೆ ವಿದ್ಯುತ್ ಗದ್ದಲ ಸೋಸುವ ಕೆಪಾಸಿಟರ್‌ನಿಂದ ಸೋರುವ ಅತಿ ಸಣ್ಣ ಕರೆಂಟ್ ಅದು. ಅರ್ತಿಂಗ್ ಸರಿಯಿದ್ದರೆ ಭೂಮಿಗೆ ಇಳಿಯುತ್ತದೆ, ಇಲ್ಲದಿದ್ದರೆ ನಿಮ್ಮ ಮೂಲಕ ಇಳಿಯುತ್ತದೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಎಕ್ಸ್‌ಟೆನ್ಶನ್ನಿಗೆ ಹೇಗೋ ತುರುಕಿದ್ದೇ ಮೂಲ. ಮುರಕಲ್ಲಿನ ಗುಡ್ಡೆಯ ಮೇಲಿನ ಮನೆಗಳಲ್ಲಿ ಏಪ್ರಿಲ್ ಹೊತ್ತಿಗೆ ಅರ್ತಿಂಗ್ ಗುಂಡಿಯೂ ಒಣಗಿರುತ್ತದೆ, ಒಂದು ಕೊಡ ನೀರು ಹೊಯ್ದರೆ ಸುಧಾರಿಸುತ್ತದೆ. ಮಳೆ ಹಿಡಿದು ಕರೆಂಟ್ ಹೋದಾಗ ಇನ್ನೊಂದು ಸತ್ಯ ಹೊರಬೀಳುತ್ತದೆ: ಗೇಮಿಂಗ್ ಲ್ಯಾಪ್‌ಟಾಪುಗಳು ಬ್ಯಾಟರಿಯಲ್ಲಿ ಅರ್ಧ ಶಕ್ತಿಗೆ ಇಳಿಯುತ್ತವೆ. 230 ವಾಟಿನ ಅಡಾಪ್ಟರನ್ನು ಇನ್ವರ್ಟರಿಗೆ ಕೊಟ್ಟರೆ ಎಕ್ಸ್‌ಪೋರ್ಟ್ ಮುಗಿಯುವ ಮೊದಲೇ ಮನೆಯ ಫ್ಯಾನು ನಿಂತು, ಮನೆಯವರು ಏಳುತ್ತಾರೆ.

ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡುವ ಅವಸರ ಬೇಡ. ಒಂದು ಸೀಸನ್ ಇಟ್ಟುಕೊಳ್ಳಿ, ಬಿಲ್ ಬರೆಯಲಾದರೂ ಬರುತ್ತದೆ. ಕೊಡುವುದೇ ಆದರೆ ಅಡೋಬಿ ಖಾತೆಯಿಂದ ಸೈನ್‌ಔಟ್ ಆಗಿ. ಆಮೇಲೆ ವಿಂಡೋಸಿನ ರೀಸೆಟ್‌ನಲ್ಲಿ ಎಲ್ಲವನ್ನೂ ಅಳಿಸುವ ಆಯ್ಕೆಯ ಜೊತೆಗೆ ‘ಕ್ಲೀನ್ ಡೇಟಾ’ವನ್ನೂ ಆನ್ ಮಾಡಿ, ಚಾರ್ಜಿಗಿಟ್ಟು ರಾತ್ರಿಯಿಡೀ ಬಿಡಿ. ಊರಿನ ಅರ್ಧ ಮದುಮಕ್ಕಳ ಮುಖ ಅದರಲ್ಲಿದೆ. ಬೆಳಿಗ್ಗೆ ಒರೆಸಿ, ಚಾರ್ಜರ್ ಸುತ್ತಿ, ಬ್ಯಾಗಿಗೆ ಹಾಕುವ ಮೊದಲು ಪಕ್ಕದ ಸಂದಿಗೊಮ್ಮೆ ಬೆರಳು ಆಡಿಸಿ. ಯಾರದ್ದೋ ರೋಸಿನ (ಕರಾವಳಿ ಕ್ರೈಸ್ತರ ಮದುವೆಗೆ ಮುಂಚಿನ ಶಾಸ್ತ್ರ) 64 ಜಿಬಿ ಕಾರ್ಡ್ ಅಲ್ಲೇ ಕೂತಿರುತ್ತದೆ.