ಪ್ಲಾನು ಹುಡುಗರ ಕೈಗೆ ಕೊಡ್ರಿ

ಬಿ.ಎ. ಎರಡನೇ ವರ್ಷದ ಹುಡುಗ. ಗದ್ದೆಗೆ ಎಷ್ಟು ಚೀಲ ಗೊಬ್ಬರ ಬೇಕು, ಕಾಲುವೆಗೆ ನೀರು ಯಾವಾಗ ಬಿಡ್ತಾರೆ, ಭತ್ತದ ರೇಟು ಏನು ನಡೆದಿದೆ ಅಂತ ಮನೇಲಿ ಅಪ್ಪನಿಗೆ ಹೇಳೋನು ಅವನೇ. ಅಂಥವನು ಸ್ಕೌಟಿನ ದೊಡ್ಡ ಹುಡುಗರ ಗುಂಪು ಸೇರಿ ರೋವರ್ ಅಂತ ಸ್ಕಾರ್ಫ್ ಹಾಕ್ಕೊಂಡು ಶಿಬಿರಕ್ಕೆ ಹೋದರೆ ಬೆಳಿಗ್ಗೆ ಐದೂವರೆಗೆ ಸೀಟಿ, ಬಿ.ಪಿ. ಸಿಕ್ಸ್ ಅನ್ನೋ ಆರು ವ್ಯಾಯಾಮ, ಧ್ವಜಾರೋಹಣ, ಉಪ್ಪಿಟ್ಟು, ಆಮೇಲೆ ರೀಫ್ ನಾಟ್ ಕಟ್ಟಿ ತೋರಿಸು. ಐದನೇತ್ತೆಯಲ್ಲಿ ಕಲಿತ ಅದೇ ಗಂಟು. ಟೈಮ್‌ಟೇಬಲ್ ಯಾರೋ ಟೈಪ್ ಮಾಡಿದ್ದು, ಜಾಗ ಯಾರೋ ನೋಡಿಟ್ಟಿದ್ದು, ಅಡುಗೆಗೆ ಭಟ್ಟರು. ಇವನ ಪಾಲಿಗೆ ಉಳಿಯೋದು ಸಾಲಿನಲ್ಲಿ ನಿಲ್ಲೋದು.

ಎರಡು ಶಿಬಿರಕ್ಕೆ ಬರ್ತಾನೆ, ಮೂರನೇದಕ್ಕೆ ಬರಲ್ಲ. ಆಗ ನಾವು ಲೀಡರುಗಳು ಕೂತು "ಈಗಿನ ಹುಡುಗರಿಗೆ ಮೊಬೈಲ್ ಬಿಟ್ಟು ಬೇರೇನೂ ಬೇಡ" ಅಂತ ಚಹಾ ಕುಡೀತೀವಿ.

ಗಂಗಾವತಿ ಕಡೆ ಕಾಲೇಜೊಂದರಲ್ಲಿ ಪಾಠ ಮಾಡ್ತಾ ರೇಂಜರ್ ಹುಡುಗಿಯರ ಟೀಮ್ ನೋಡಿಕೊಳ್ಳೋಳು ನಾನು. ನಮ್ಮ ರೋವರ್ ಕ್ರೂ, ಅಂದರೆ ಹುಡುಗರ ತಂಡದ ಜೊತೆ ಸೇರಿ ಹೊರಗಿನ ಚಟುವಟಿಕೆ ಮಾಡ್ತೀವಿ. ಗೊತ್ತಿಲ್ಲದವರಿಗೆ ಒಂದು ಮಾತು: ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನಲ್ಲಿ ಶಾಲಾ ಮಕ್ಕಳಾದ ಸ್ಕೌಟ್, ಗೈಡ್‌ಗಳ ಮೇಲಿನ ಹಂತ ಇದು. ಹುಡುಗರು ರೋವರ್, ಹುಡುಗಿಯರು ರೇಂಜರ್, 25 ವರ್ಷದವರೆಗೂ ಇರಬಹುದು. ಅಂದರೆ ಇದರಲ್ಲಿ ಮತದಾನದ ಹಕ್ಕಿರೋರು, ಡ್ರೈವಿಂಗ್ ಲೈಸೆನ್ಸ್ ಇರೋರು, ಕೆಲವು ಕಡೆ ಮದುವೆಯಾದವರೂ ಇರ್ತಾರೆ. ನನ್ನ ತಕರಾರು ಒಂದೇ. ಇವರಿಗೆ ಹೊರಾಂಗಣ ಕಾರ್ಯಕ್ರಮವನ್ನು ನಾವು ಮಾಡಿ ಬಡಿಸೋದು ನಿಲ್ಲಬೇಕು. ಯೋಜನೆ ಅವರೇ ಮಾಡಬೇಕು. ಈ ವಯಸ್ಸಿನವರಿಗೆ ತರಬೇತಿಯ ಮುಕ್ಕಾಲು ಭಾಗ ಇರೋದು ಹೊರಡೋದಕ್ಕೆ ಮುಂಚಿನ ಆ ಲೆಕ್ಕಾಚಾರದಲ್ಲೇ.

ಇದೇನು ನಾನು ಕಂಡುಹಿಡಿದ ಹೊಸ ವಿಚಾರ ಅಲ್ಲ. 1907ರ ಆಗಸ್ಟ್‌ನಲ್ಲಿ ಸ್ಕೌಟ್ ಚಳವಳಿ ಶುರುಮಾಡಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ಮಾಡಿದಾಗಲೇ ಹುಡುಗರನ್ನು ನಾಲ್ಕು ಪೆಟ್ರೋಲ್, ಅಂದರೆ ಸಣ್ಣ ತಂಡ ಮಾಡಿ, ಪ್ರತಿಯೊಂದಕ್ಕೂ ಅವರಲ್ಲೇ ದೊಡ್ಡವನೊಬ್ಬನನ್ನು ನಾಯಕನಾಗಿ ಮಾಡಿದ್ದ. ನಮ್ಮ ನಿಯಮದಲ್ಲೂ ತಂಡದ ತೀರ್ಮಾನ ಮಾಡೋಕೆ ಕ್ರೂ ಕೌನ್ಸಿಲ್ ಅಂತ ಇದೆ, ಹುಡುಗರಲ್ಲೇ ಮುಂದಾಳಾಗಿ ಸೀನಿಯರ್ ರೋವರ್ ಮೇಟ್ ಅಂತ ಇದ್ದಾನೆ. ರಿಜಿಸ್ಟರ್‌ನಲ್ಲಿ ಅವರ ಸಹಿಯೂ ಇರುತ್ತೆ. ಕೌನ್ಸಿಲ್ ಕೂತು ನಿರ್ಧಾರ ಮಾಡಿದ್ದು ಏನು ಅಂತ ಕೇಳಿದರೆ ಮಾತ್ರ ಬಹಳ ಕಡೆ "ಸರ್ ಹೇಳಿದ್ರು, ಬರ್ಕೊಂಡ್ವಿ" ಅನ್ನೋ ಉತ್ತರ.

ಹಿರೇಬೆಣಕಲ್ ಉದಾಹರಣೆ ಕೊಡ್ತೀನಿ. ಗಂಗಾವತಿ ಪಕ್ಕದಲ್ಲೇ ಇರೋ ಗುಡ್ಡ. ಮೇಲೆ ಸುಮಾರು 400 ಬೃಹತ್ ಶಿಲಾ ಗೋರಿಗಳಿವೆ, ನಮ್ಮ ಜನ ಮೋರ್ಯರ ಮನೆ ಅಂತಾರೆ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಅಲ್ಲಿಗೆ ಹೈಕ್ ಹೋಗಬೇಕು ಅಂತ ಮಕ್ಕಳು ಕೇಳಿದಾಗ "ಆಯ್ತು, ಕಾಗದದ ಮೇಲೆ ತೋರಿಸಿ" ಅಂದೆ. ಮೊದಲು ಬಂದ ಕಾಗದದಲ್ಲಿ ಇದ್ದದ್ದು ಹೊರಡುವ ಹೊತ್ತು, ವಾಪಸ್ ಬರುವ ಹೊತ್ತು, ಗ್ರೂಪ್ ಫೋಟೋ. ಬೈಯ್ಯಲಿಲ್ಲ. "ನೀರು?" ಅಂತ ಒಂದೇ ಪದ ಬರೆದು ವಾಪಸ್ ಕೊಟ್ಟೆ.

ಲೆಕ್ಕಕ್ಕೆ ಕೂತರು. ನಮ್ಮ ಕಡೆಯ ಬಿಸಿಲಿಗೆ, ಇಡೀ ದಿನ ಗುಡ್ಡದ ಮೇಲಿದ್ದರೆ ತಲೆಗೆ ನಾಲ್ಕು ಲೀಟರ್ ಬೇಕೇ ಬೇಕು. ಹನ್ನೆರಡು ಜನಕ್ಕೆ 48 ಲೀಟರ್. ಲೀಟರ್ ಅಂದರೆ ಕೆಜಿ. 48 ಕೆಜಿ ಯಾರು ಹೊರೋದು? ಮೇಲೆ ಕಲ್ಲು ತೆಗೆದು ಆದ ಹಳೇ ಹೊಂಡ ಒಂದಿದೆ, ಅದರ ನೀರು ಕುಡಿಯೋಕೆ ಸಲ್ಲದು. ಕ್ಯಾಮೆರಾ ಟ್ರೈಪಾಡು, ಬ್ಲೂಟೂತ್ ಸ್ಪೀಕರು, ಐದು ಕೆಜಿ ಅಕ್ಕಿ, ಪಾತ್ರೆ ಎಲ್ಲಾ ಪಟ್ಟಿಯಿಂದ ಒಂದೊಂದೇ ಉದುರಿದವು. ಅಕ್ಕಿ ಹೋದ ಜಾಗಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಬಂದವು. ಬೆಂಕಿ ಬೇಡ, ಪಾತ್ರೆ ತೊಳೆಯೋ ನೀರು ಬೇಡ, ವಾರಗಟ್ಟಲೆ ಕೆಡಲ್ಲ. ಟ್ರೆಕ್ಕಿಂಗ್‌ನವರು ದುಬಾರಿ ಪೊಟ್ಟಣ ಕೊಳ್ಳುವಾಗ ನಮಗೆ ಅಜ್ಜಿಯಂದಿರೇ ಪ್ಯಾಕ್ ಮಾಡಿಕೊಟ್ಟರು.

ಆಮೇಲೆ ನಕ್ಷೆ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆ ಆನ್‌ಲೈನಲ್ಲಿ ಪುಕ್ಕಟೆ ಸಿಗುತ್ತೆ, ಅದರಲ್ಲಿ ಎರಡು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್. ಗೂಗಲ್ ನಕ್ಷೆ ದಾರಿ ತೋರಿಸುತ್ತೆ, ಏರು ಎಷ್ಟು ಅಂತ ಸರಿಯಾಗಿ ಹೇಳಲ್ಲ. ಒಂದೇ ಎತ್ತರದ ಜಾಗಗಳನ್ನು ಸೇರಿಸೋ ಸಮೋನ್ನತಿ ರೇಖೆ ಎಣಿಸೋದು ಹೈಸ್ಕೂಲಿನ ಭೂಗೋಳದಲ್ಲಿ ಎರಡು ಮಾರ್ಕಿನ ಪ್ರಶ್ನೆಯಾಗಿತ್ತು. ಇಲ್ಲಿ ಅದು ಊಟ ಎಲ್ಲಿ ಮಾಡೋದು ಅನ್ನೋದನ್ನ ತೀರ್ಮಾನ ಮಾಡಿತು. ಬಯಲಲ್ಲಿ ಗಂಟೆಗೆ ಐದು ಕಿ.ಮೀ., ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಅನ್ನೋ ಹಳೇ ಸೂತ್ರ ಹೇಳಿಕೊಟ್ಟೆ. ಒಬ್ಬಳು ಹುಡುಗಿ ಅದಕ್ಕೆ "ಮೇಡಂ, ಇದು ಥಂಡಿ ದೇಶದವರ ಲೆಕ್ಕ, ನಮ್ಮ ಬಿಸಲಿಗೆ ಒಂದೂವರೆ ಪಟ್ಟು ಹಿಡೀಬೇಕ್ರಿ" ಅಂದಳು. ಸರಿಯಾಗೇ ಅಂದಳು.

ಕೊನೇದು, ಯಾರಿಗಾದರೂ ಏನಾದರೂ ಆದರೆ? ಬಂಡೆ ಸಂದಿಯ ಗುಡ್ಡ, ಹಾವು ಚೇಳು ಇರೋದೇ. ಹಾವು ಕಚ್ಚಿದರೆ ಬಿಗಿಯಾಗಿ ಹಗ್ಗ ಕಟ್ಟೋದು, ಬ್ಲೇಡಿನಿಂದ ಕೊಯ್ಯೋದು ಎರಡೂ ತಪ್ಪು. ಕಚ್ಚಿಸಿಕೊಂಡವರನ್ನು ನಡೆಸದೆ, ಆ ಕೈಕಾಲು ಅಲ್ಲಾಡದಂತೆ ಪಟ್ಟಿ ಕಟ್ಟಿ, 108ಕ್ಕೆ ಫೋನ್ ಮಾಡಿ ಆಸ್ಪತ್ರೆ ಸೇರಿಸಬೇಕು. ಓದಿದಾಗ ಸುಲಭ. ಗುಡ್ಡದ ಮೇಲಿಂದ ನಡೆಸದೆ ಇಳಿಸೋದು ಹೇಗೆ? ಎರಡು ಬಿದಿರು ಗಳ, ಒಂದು ಕಂಬಳಿ, ಹಗ್ಗ ಸುತ್ತಿ ಬಿಗಿಯೋ ಲ್ಯಾಶಿಂಗ್ ಹಾಕಿ ಸ್ಟ್ರೆಚರ್ ಮಾಡಿ, ಕಾಲೇಜಿನ ಹಿಂದಿನ ಸಣ್ಣ ದಿಬ್ಬದ ಮೇಲಿಂದ ತಮ್ಮಲ್ಲೇ ತೂಕದವನೊಬ್ಬನನ್ನು ಹೊತ್ತು ಇಳಿಸಿ ನೋಡಿದರು. ಅರ್ಧಕ್ಕೇ ಕೈ ಸೋತವು. ಹೊರೋರು ನಾಲ್ಕು ಜನ ಸಾಲಲ್ಲ, ಬದಲಿಗೆ ಇನ್ನೂ ನಾಲ್ಕು ಜನ ಬೇಕು ಅಂತ ಅವರೇ ಬರೆದುಕೊಂಡರು. ಲ್ಯಾಶಿಂಗ್ ಶುರುಮಾಡೋ ಕ್ಲೋವ್ ಹಿಚ್ ಗಂಟು ಯಾಕೆ ಕಲೀಬೇಕು ಅಂತ ಆ ದಿನದ ಮೇಲೆ ಯಾರೂ ಕೇಳಲಿಲ್ಲ.

ಕಾಲಮಾನದ ವಿಷಯಕ್ಕೆ ಬರೋಣ, ಇದರಲ್ಲಿ ನನಗೆ ಸಿಟ್ಟಿದೆ. ರಜೆ ಇದೆ ಅನ್ನೋ ಒಂದೇ ಕಾರಣಕ್ಕೆ ಏಪ್ರಿಲ್, ಮೇ ತಿಂಗಳಲ್ಲಿ ಶಿಬಿರ ಇಡ್ತಾರೆ. ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ ಆ ಹೊತ್ತಿಗೆ ಪಾರಾ 40 ದಾಟಿರುತ್ತೆ, ನಮ್ಮ ಬಂಡೆಗಳು ಸಂಜೆ ಏಳಾದರೂ ಹಂಚಿನಂತೆ ಸುಡ್ತಿರ್ತವೆ. ಮಲೆನಾಡಿಗೆ, ಬೆಂಗಳೂರಿಗೆ ಮಾಡಿದ ಕ್ಯಾಲೆಂಡರ್ ನಮಗೆ ಯಾಕೆ? ನಮ್ಮ ಸೀಸನ್ ಅಕ್ಟೋಬರ್ ಕೊನೆಯಿಂದ ಫೆಬ್ರವರಿ. ಪರೀಕ್ಷೆ ಬರುತ್ತೆ ಅಂತಾರೆ. ಬರಲಿ, ಶನಿವಾರ ಭಾನುವಾರ ಇವೆ. ಬೇಸಿಗೆಯಲ್ಲಿ ನೆರಳಲ್ಲಿ ಕೂತು ಪ್ರಥಮ ಚಿಕಿತ್ಸೆ, ನಕ್ಷೆ, ಲೆಕ್ಕಪತ್ರ ಕಲಿಸಿ. ಬಿಸಿಲು ಹೊಡೆದವನ ಮೈ ಸುಡ್ತಾ ಮಾತು ತಪ್ಪಿದರೆ ಅವನಿಗೆ ಬಾಯಿಗೆ ನೀರು ಹಾಕದೆ ನೆರಳಿಗೆ ಹಾಕಿ, ಮೈ ಒದ್ದೆ ಮಾಡಿ ಗಾಳಿ ಬೀಸಬೇಕು ಅನ್ನೋದು ಮೇ ತಿಂಗಳಲ್ಲಿ ನಮ್ಮೂರಿಗೇ ಉಪಯೋಗಕ್ಕೆ ಬರೋ ಪಾಠ.

ಹೊಳೆ ವಿಷಯದಲ್ಲಿ ಮಾತ್ರ ನಾನು ಪ್ರಜಾಪ್ರಭುತ್ವ ನಡೆಸಲ್ಲ. ತುಂಗಭದ್ರೆಗೆ ಇಳಿಯೋದು, ಗುಡ್ಡದ ಮೇಲೆ ರಾತ್ರಿ ಉಳಿಯೋದು, ಕಾಡಲ್ಲಿ ಬೆಂಕಿ ಹಾಕೋದು, ಈ ಮೂರು ಯಾವ ಕೌನ್ಸಿಲ್ ಮತ ಹಾಕಿದರೂ ಇಲ್ಲ. ಆನೆಗೊಂದಿ, ಸಾಣಾಪುರದ ಕಡೆ ಹೊಳೆ ಮೇಲ್ನೋಟಕ್ಕೆ ತಣ್ಣಗೆ ಕಾಣುತ್ತೆ. ಒಳಗೆ ಬಂಡೆ, ಸುಳಿ, ಮೊಸಳೆ. ರೀಲ್ಸ್‌ಗೆ ಅಂತ ಹಾರಿದವರು ಮೇಲೆ ಬರದ ಸುದ್ದಿ ನಾವು ಓದ್ತಾನೇ ಇದ್ದೀವಿ. ನೀರಲ್ಲಿ ಮುಳುಗ್ತಿರೋರನ್ನು ಕಂಡರೆ ಹಾರಬೇಡ, ಕೋಲು ಚಾಚು, ಆಗದಿದ್ದರೆ ಹಗ್ಗ ಎಸಿ. ಮುಚ್ಚಳ ಬಿಗಿ ಮಾಡಿದ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಎಸೆಯೋದನ್ನ ನಮ್ಮ ಮಕ್ಕಳು ಮೈದಾನದಲ್ಲೇ ಅಭ್ಯಾಸ ಮಾಡ್ತಾರೆ. ಎಡದಂಡೆ ಕಾಲುವೆ ದಂಡೆಯ ಊರುಗಳಲ್ಲಿ ಹುಟ್ಟಿದವರಿಗೆ ಇದಕ್ಕಿಂತ ದೊಡ್ಡ ವಿದ್ಯೆ ಯಾವುದು? ಸಿಮೆಂಟಿನ ಜಾರು ದಂಡೆ, ಬಿದ್ದವರು ಹತ್ತೋಕಾಗಲ್ಲ, ಹಿಂದೆ ಇಳಿದವರೂ ಹತ್ತೋಕಾಗಲ್ಲ.

ಹೊಳೆ ಬೇಡ ಅಂದರೆ ಹೊಳೆಯನ್ನೇ ಮರೆತುಬಿಡೋದು ಅಂತಲ್ಲ. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದಾರೆ. ದಂಡೆಯಲ್ಲಿ ಬೆಳಗಿನ ಜಾವ ಸದ್ದಿಲ್ಲದೆ ಕೂತು ನೋಡೋದು ಕಲೀರಿ ಅಂದೆ. ಅರ್ಧ ಜನಕ್ಕೆ ಬೇಜಾರಾಯ್ತು, ಉಳಿದ ಅರ್ಧ ಜನ ಇವತ್ತಿಗೂ ಹೋಗ್ತಾರೆ.

ಬಂಡೆ ಹತ್ತೋದರ ಬಗ್ಗೆ ಸ್ವಲ್ಪ. ದೂರದ ದೇಶಗಳಿಂದ ಜನ ಬಿದ್ದರೆ ಪೆಟ್ಟಾಗದಂತೆ ಕೆಳಗೆ ಹಾಸೋ ದಪ್ಪ ಹಾಸಿಗೆ ಬೆನ್ನಿಗೆ ಕಟ್ಟಿಕೊಂಡು ನಮ್ಮ ಆನೆಗೊಂದಿ ಬಂಡೆಗಳನ್ನು ಹತ್ತೋಕೆ ಬರ್ತಾರೆ. ಅಲ್ಲೇ ಹುಟ್ಟಿದ ಹುಡುಗರು ಅವರಿಗೆ ಬಾಡಿಗೆ ಬೈಕ್ ಕೊಡ್ತಾರೆ. ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯವರು ಬಾದಾಮಿಯಲ್ಲಿ ಶಿಲಾರೋಹಣ ಕಲಿಸ್ತಾರೆ, ನಮಗೆ ಅರ್ಧ ದಿನದ ದಾರಿ. ಇಬ್ಬರು ಮೂವರು ಅಲ್ಲಿ ಸರಿಯಾಗಿ ಕಲಿತು ಬಂದು ಇಲ್ಲಿನವರಿಗೆ ಹೇಳಿಕೊಡಲಿ. ಯೂಟ್ಯೂಬ್ ನೋಡಿ ಹಗ್ಗ ಕಟ್ಟೋದು ಬೇಡವೇ ಬೇಡ.

ಹುಡುಗಿಯರ ವಿಷಯ ಬರೆಯದೇ ಇದ್ದರೆ ಈ ಬರಹಕ್ಕೆ ಅರ್ಥವಿಲ್ಲ. ರೋವರ್‌ಗಳ ಪ್ಲಾನು ಕ್ರೂ ಕೌನ್ಸಿಲ್‌ನಲ್ಲಿ ಪಾಸಾದರೆ ಮುಗೀತು. ರೇಂಜರ್‌ಗಳದ್ದು ಮನೆಯ ಕಟ್ಟೆ ಮೇಲೆ ಪಾಸಾಗಬೇಕು. ಒಬ್ಬಳ ಅಪ್ಪ ಕಾಲೇಜಿಗೇ ಬಂದು ಕೇಳಿದ್ದರು, "ಮೇಡಂ ರೀ, ಹುಡಿಗ್ಯಾರು ಒಂದ್ ರಾತ್ರಿ ಹೊರಗ ಅಂದ್ರ ಊರಾಗ ಏನಂತಾರ್ರಿ?" ನಾನು ಬಾಯಿ ತೆಗೆಯೋ ಮುಂಚೆ ಮಗಳೇ ಕಾಗದ ಮುಂದಿಟ್ಟಳು. "ಅಪ್ಪಾ, ಮಲಗೋದು ಈ ಶಾಲ್ಯಾಗ, ಬಾಗಲಕ್ಕ ಒಳಗಿನ ಚಿಲಕ ಐತಿ, ನೋಡಿ ಬಂದೀವಿ. ಮೇಡಂ ಇಬ್ರು ಇರ್ತಾರ. ಸಂಡಾಸ್ ಎರಡು ಅದಾವ, ನೀರು ಬರ್ತೈತಿ. ರಾತ್ರಿ ಒಂಬತ್ತಕ್ಕ, ಮುಂಜಾನಿ ಆರಕ್ಕ ನಿನಗ ಫೋನ್ ಮಾಡ್ತೀನಿ. ನೆಟ್‌ವರ್ಕ್ ಯಾವ ಸಿಮ್ಮಿಗೆ ಸಿಗತೈತಿ ಅಂತನೂ ಬರದೀನಿ." ಅಪ್ಪ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದನ್ನ ಯಾರು ಬರದವ್ರು?" "ನಾವ." ಸಹಿ ಹಾಕಿ ಹೋದರು. ನನ್ನ ಹತ್ತು ಸರ್ಟಿಫಿಕೇಟ್ ಆ ಕೆಲಸ ಮಾಡ್ತಿರಲಿಲ್ಲ. ಆ ಕಾಗದದ ಹಿಂಭಾಗದಲ್ಲಿ ಮುಟ್ಟಿನ ದಿನ ಬಂದರೆ ಏನೇನು ಇಟ್ಟುಕೊಂಡಿರಬೇಕು, ಎಲ್ಲಿ ವಿಲೇವಾರಿ ಅಂತ ಅವರೇ ಪಟ್ಟಿ ಮಾಡಿದ್ದರು. ಗಂಡಸರು ಮಾಡಿದ ಯಾವ ಶಿಬಿರದ ಸುತ್ತೋಲೆಯಲ್ಲೂ ನಾನು ಆ ಸಾಲು ನೋಡಿಲ್ಲ.

ಇನ್ನು ಸೇವೆ. ರೋವರ್‌ಗಳ ಧ್ಯೇಯವಾಕ್ಯವೇ ಸೇವೆ. ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಲಕ್ಷಾಂತರ ಜನ ಸೇರ್ತಾರೆ, ಸಮವಸ್ತ್ರದ ಮಕ್ಕಳನ್ನು ಹಗ್ಗ ಹಿಡಿದು ನಿಲ್ಲಿಸ್ತೀವಿ. ನಿಲ್ಲಲಿ, ಅದು ಪುಣ್ಯದ ಕೆಲಸವೇ. ಆದರೆ ಇಪ್ಪತ್ತರ ವಯಸ್ಸಿನವರಿಗೆ ತಪ್ಪಿಹೋದ ಮಕ್ಕಳ ಕೌಂಟರ್ ನೀವೇ ನಡೆಸಿ, ಪಾಳಿ ನೀವೇ ಹಾಕಿ, ಪೊಲೀಸರ ಜೊತೆ ನೀವೇ ಮಾತಾಡಿ ಅಂತ ಹೇಳಿ ನೋಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ಕೆಳಗಿನ ಊರುಗಳಲ್ಲಿ ಎಂಥ ಆತಂಕ ಇತ್ತು ಅಂತ ನಮಗೆಲ್ಲ ನೆನಪಿದೆ. ಅದನ್ನೇ ಇಟ್ಟುಕೊಂಡು ನಕ್ಷೆ ಹಾಸಿ ಒಂದು ಮಧ್ಯಾಹ್ನದ ಅಭ್ಯಾಸ ಮಾಡಿಸಿದ್ವಿ. ಯಾವ ಊರಿಗೆ ಮೊದಲು ಸುದ್ದಿ ಮುಟ್ಟಬೇಕು, ಎತ್ತರದ ಜಾಗ ಯಾವುದು, ನಡೆಯಲಾರದ ಮುದುಕರು ಎಲ್ಲೆಲ್ಲಿದ್ದಾರೆ ಅಂತ. ಆ ಕೊನೇ ಪ್ರಶ್ನೆಗೆ ಉತ್ತರ ಯಾರ ಹತ್ತಿರವೂ ಇರಲಿಲ್ಲ. ಮರುವಾರ ಇಬ್ಬರು ತಮ್ಮ ತಮ್ಮ ಊರಲ್ಲಿ ಮನೆಮನೆಗೆ ಹೋಗಿ ಬರೆದುಕೊಂಡು ಬಂದರು. ಮಾಡಿದ ಕೆಲಸ ಬರೆದಿಡೋ ಲಾಗ್ ಬುಕ್ ಅಂದರೆ ಇದು. ಹಳೇ ಬ್ಯಾಚಿನ ಲಾಗ್ ಬುಕ್ ನೋಡಿ ದಿನಾಂಕ ಬದಲಿಸಿ ಬರೆಯೋದು, ರೈಲ್ವೆಯ ಸ್ಕೌಟ್ ಕೋಟಾಕ್ಕೆ ಬೇಕು ಅಂತ ಪ್ರಶಸ್ತಿ ಬೆನ್ನು ಹತ್ತೋದು ನಮ್ಮಲ್ಲಿ ಇಲ್ಲ ಅಂತ ಯಾರೂ ಹೇಳಬೇಡಿ. ಕೆಲಸ ಬೇಕು ಅನ್ನೋದರಲ್ಲಿ ತಪ್ಪಿಲ್ಲ, ಸುಳ್ಳು ಲಾಗ್ ಬುಕ್‌ಗೆ ನಾವು ಸಹಿ ಹಾಕೋದು ತಪ್ಪು.

"ಏನಾದರೂ ಆದರೆ ಯಾರು ಹೊಣೆ?" ಅಂತ ಕೇಳೋರಿಗೆ: ನಾನೇ. ಪ್ಲಾನ್ ಅವರು ಮಾಡಿದರೆ ನನ್ನ ಕೆಲಸ ಕಡಿಮೆಯಾಗುತ್ತೆ ಅಂದುಕೊಂಡವರು ಒಮ್ಮೆ ಮಾಡಿ ನೋಡಲಿ. ನಾನೇ ಮಾಡಿದರೆ ಒಂದು ಸಂಜೆ ಸಾಕು, ಅವರ ಕೈಯಲ್ಲಿ ಮಾಡಿಸೋಕೆ ತಿಂಗಳು ಬೇಕು. ಜೊತೆಗೆ ಒಂದು ಅಧಿಕಾರ ಅವರಿಗೂ ಕೊಟ್ಟಿದ್ದೀನಿ. ಹೊರಟ ಮೇಲೂ, ಅರ್ಧ ದಾರಿಯಲ್ಲೂ, ಗುಂಪಿನಲ್ಲಿ ಯಾರೊಬ್ಬರಿಗೆ ಸರಿ ಅನ್ನಿಸದಿದ್ದರೂ "ಸಾಕು, ವಾಪಸ್" ಅನ್ನಬಹುದು, ಅಂದವರನ್ನು ಆಮೇಲೆ ಯಾರೂ ಕಾಡಿಸುವಂತಿಲ್ಲ.

ಈಗ ನನ್ನ ಟೇಬಲ್ ಮೇಲೆ ಹೊಸ ಪ್ಲಾನ್ ಬಂದು ಕೂತಿದೆ. ಡಿಸೆಂಬರ್‌ನಲ್ಲಿ ಸೈಕಲ್ ಮೇಲೆ ಮಸ್ಕಿಗೆ. ಕಾರಟಗಿ, ಸಿಂಧನೂರು ಮೇಲೆ ಹೋಗಿ, 1915ರಲ್ಲಿ ಸಿಕ್ಕ ಅಶೋಕನ ಹೆಸರಿರುವ ಶಾಸನ ನೋಡಿ, ಅಲ್ಲಿ ಒಂದು ರಾತ್ರಿ ಇದ್ದು ವಾಪಸ್. ನೀರಿನ ಲೆಕ್ಕ ಚೊಕ್ಕ ಇದೆ, ಪಂಕ್ಚರ್ ಸಾಮಾನು ಇದೆ, ಮಲಗೋ ಜಾಗ ನೋಡಿದ್ದಾರೆ. ಆದರೆ ಅದು ಭತ್ತದ ಕಟಾವಿನ ಕಾಲ. ದಾರಿ ತುಂಬಾ ಲಾರಿ, ಟ್ರ್ಯಾಕ್ಟರು, ಅರ್ಧ ರಸ್ತೆಗೆ ಒಣಹಾಕಿದ ಭತ್ತ. ಅದರ ಬಗ್ಗೆ ಒಂದಕ್ಷರ ಬರೆದಿಲ್ಲ. "ಭತ್ತ?" ಅಂತ ಬರೆದು ವಾಪಸ್ ಕಳಿಸಿದ್ದೀನಿ. ಉತ್ತರ ಬರೋವರೆಗೂ ಸಹಿ ಇಲ್ಲ. ಆ ದಾರಿಯಲ್ಲಿ ಓಡಾಡೋ ಲಾರಿ ಡ್ರೈವರುಗಳು, ಸಿಂಧನೂರು ಕಡೆಯ ಗೆಳೆಯರು ಯಾರಾದರೂ ಇದನ್ನ ಓದ್ತಿದ್ದರೆ, ಬೆಳಿಗ್ಗೆ ಎಷ್ಟು ಹೊತ್ತಿನವರೆಗೆ ರಸ್ತೆ ಖಾಲಿ ಇರುತ್ತೆ ಅಂತ ಕೆಳಗೆ ಬರೀರಿ. ನನಗಲ್ಲ, ಹುಡುಗರೇ ಬಂದು ಓದ್ಕೋತಾರೆ.