ಕಂಬಳದ ಓಟಕ್ಕೆ ಬೋಲ್ಟ್ ಹೋಲಿಕೆ: ಸುದ್ದಿಮನೆ ಅದನ್ನು ತಡೆಹಿಡಿಯಬೇಕಿತ್ತೇ?

ಪರ

2020ರ ಫೆಬ್ರುವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು 142.50 ಮೀಟರ್ ಉದ್ದದ ಕರೆಯಲ್ಲಿ (ಕೋಣಗಳು ಓಡುವ ಕೆಸರಿನ ಹಾದಿ) ಕೋಣಗಳನ್ನು 13.62 ಸೆಕೆಂಡುಗಳಲ್ಲಿ ಓಡಿಸಿ ಗುರಿ ಮುಟ್ಟಿಸಿದರು. ಇಷ್ಟನ್ನೇ ಬರೆದಿದ್ದರೂ ಅದು ದೊಡ್ಡ ಸುದ್ದಿಯೇ ಆಗುತ್ತಿತ್ತು. ಆದರೆ ದೇಶದಾದ್ಯಂತ ಹರಡಿದ್ದು ಯಾವ ಗಡಿಯಾರವೂ ಅಳೆಯದ 9.55 ಎಂಬ ಅಂಕಿ. ಒಟ್ಟು ಸಮಯವನ್ನು ಸರಾಸರಿ ಲೆಕ್ಕದಲ್ಲಿ ನೂರು ಮೀಟರಿಗೆ ಇಳಿಸಿ, ಅದನ್ನು ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಸ್ಥಾಪಿಸಿದ 9.58 ಸೆಕೆಂಡುಗಳ ವಿಶ್ವದಾಖಲೆಯ ಪಕ್ಕದಲ್ಲಿಟ್ಟು, ಬೋಲ್ಟ್‌ಗಿಂತಲೂ ವೇಗದ ಓಟಗಾರ ಎಂದು ಸಾರಲಾಯಿತು.

ಈ ಲೆಕ್ಕ ಏಕೆ ನಿಲ್ಲುವುದಿಲ್ಲ ಎಂಬುದನ್ನು ಬೋಲ್ಟ್ ಅವರ ಓಟದಿಂದಲೇ ತೋರಿಸಬಹುದು. 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್‌ನ ಬೀದಿ ಓಟದಲ್ಲಿ ಅವರು 150 ಮೀಟರನ್ನು 14.35 ಸೆಕೆಂಡುಗಳಲ್ಲಿ ಮುಗಿಸಿದ್ದರು. ಅದೇ ಸರಾಸರಿಯಂತೆ ನೂರು ಮೀಟರಿಗೆ 9.57 ಬರುತ್ತದೆ, ಹಾಗಾದರೆ ಆಗ ಚಾಲ್ತಿಯಲ್ಲಿದ್ದ ತಮ್ಮದೇ 9.69ರ ದಾಖಲೆಯನ್ನು ಅವರು ಅಂದೇ ಮುರಿದರು ಎನ್ನಬೇಕಾಗುತ್ತದೆ. ನಿಂತಲ್ಲಿಂದ ವೇಗ ಹಿಡಿಯಲು ತಗಲುವ ಹೆಚ್ಚಿನ ಸಮಯವು ಉದ್ದದ ಓಟದಲ್ಲಿ ಹಂಚಿಹೋಗುವುದರಿಂದ ಇಂಥ ಭ್ರಮೆ ಹುಟ್ಟುತ್ತದೆ. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೂ ಅಥ್ಲೆಟಿಕ್ಸ್‌ನಲ್ಲಿ ದಾಖಲೆಗೆ ಮಾನ್ಯತೆಯಿಲ್ಲ. ಹೀಗಿರುವಾಗ ಒಂದು ಜೊತೆ ಕೋಣಗಳ ಎಳೆತವನ್ನು ಮರೆತು ಹೋಲಿಸುವುದು ಹೇಗೆ ನ್ಯಾಯವಾದೀತು?

ಕೆಲವೇ ದಿನಗಳಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡುಗಳಲ್ಲಿ ಕ್ರಮಿಸಿದಾಗ ಹೊಸ ಅಂಕಿ 9.51 ಆಯಿತು. ಒಂದೇ ತಿಂಗಳಲ್ಲಿ, ಒಂದೇ ಸೀಮೆಯಲ್ಲಿ ಇಬ್ಬರು ವಿಶ್ವದಾಖಲೆ ಮೀರಿದರೆಂದರೆ ಅಳತೆಗೋಲನ್ನೇ ಅನುಮಾನಿಸಬೇಕಿತ್ತು. ಹಾಗಾಗದೆ, ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರಿಂದ ಟ್ರಯಲ್ಸ್‌ಗೆ ಆಹ್ವಾನ ಬಂದು, ಕಂಬಳದ ಓಟವೇ ಬೇರೆ, ಟ್ರ್ಯಾಕ್‌ನ ಓಟವೇ ಬೇರೆ ಎಂದು ವಿವರಿಸುವ ಹೊರೆ ಗೌಡರ ಹೆಗಲಿಗೇ ಬಿತ್ತು. ಸುದ್ದಿಮನೆ ಮೊದಲೇ ಮಾಡಬೇಕಿದ್ದ ಕೆಲಸವದು.

ವಿರೋಧ

9.55 ಅಳೆದ ಅಂಕಿಯಲ್ಲ ಎಂಬುದರಲ್ಲಿ ತಕರಾರಿಲ್ಲ. ಆದರೆ ತಡೆಹಿಡಿಯುವುದು ಅದಕ್ಕೆ ಮದ್ದಲ್ಲ. 142.50 ಮತ್ತು 13.62 ಎಂಬ ಅಳೆದ ಅಂಕಿಗಳು ಹೆಚ್ಚಿನ ವರದಿಗಳಲ್ಲಿ ಇದ್ದವು. ಅವು ಇದ್ದುದರಿಂದಲೇ ಓದುಗರು ಲೆಕ್ಕವನ್ನು ತಾವೇ ಹಾಕಿ ನೋಡಿ ಪ್ರಶ್ನಿಸಲು ಸಾಧ್ಯವಾಯಿತು.

ಮಾಧ್ಯಮದ ಪಕ್ಷಪಾತವನ್ನು ಹುಡುಕುವಾಗ ಬರೆದದ್ದನ್ನಷ್ಟೇ ಅಲ್ಲ, ಬರೆಯದೆ ಬಿಟ್ಟದ್ದನ್ನೂ ನೋಡಬೇಕು. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟನ್ನು ನಿಷೇಧಿಸಿ ನೀಡಿದ ತೀರ್ಪಿನಿಂದ ಹಿಡಿದು 2023ರ ಮೇ ತಿಂಗಳಲ್ಲಿ ಕಂಬಳದಂಥ ಆಟಗಳಿಗೆ ಅವಕಾಶ ಕೊಡುವ ರಾಜ್ಯಗಳ ಕಾನೂನು ತಿದ್ದುಪಡಿಗಳನ್ನು ಎತ್ತಿಹಿಡಿದ ತೀರ್ಪಿನವರೆಗೆ, ಕರಾವಳಿಯ ಆಚೆಗಿನ ಮಾಧ್ಯಮಗಳಿಗೆ ಕಂಬಳ ಬಹುಮಟ್ಟಿಗೆ ಒಂದು ಮೊಕದ್ದಮೆಯಾಗಿತ್ತೇ ಹೊರತು ಆಟವಾಗಿರಲಿಲ್ಲ. ಅದನ್ನು ಓಟಗಾರನ ಕಸುವಿನ ಮೂಲಕ ಕಂಡ ಅಪರೂಪದ ಸಂದರ್ಭದಲ್ಲಿ, ಆಧಾರ ಸಾಲದೆಂದು ಇಡೀ ಕಥೆಯನ್ನು ಬದಿಗಿಟ್ಟಿದ್ದರೆ ಹಳೆಯ ಪಕ್ಷಪಾತವೇ ಮುಂದುವರಿಯುತ್ತಿತ್ತು. ಕ್ರಿಕೆಟ್‌ನ ಸ್ಪೀಡ್ ಗನ್ ತೋರಿಸುವ ವೇಗವನ್ನು ಯಂತ್ರ ಯಾವುದು, ಚೆಂಡಿನ ಹಾದಿಯ ಯಾವ ಬಿಂದುವಿನಲ್ಲಿ ಅಳೆದದ್ದು ಎಂದು ಕೇಳದೆ ಅಚ್ಚು ಹಾಕುವ ಕ್ರೀಡಾಪುಟಗಳು ಕೆಸರುಗದ್ದೆಯ ಓಟಕ್ಕೆ ಮಾತ್ರ ಕಟ್ಟುನಿಟ್ಟಾಗುವುದು ನನಗಂತೂ ಸರಿ ಕಾಣುವುದಿಲ್ಲ.

ನಿಜವಾದ ಲೋಪ ಆದದ್ದು ಸುದ್ದಿ ಊರಿನಿಂದ ಊರಿಗೆ ದಾಟುವಾಗ. ಕರಾವಳಿಯ ಪತ್ರಿಕೆಗಳ ಕಂಬಳ ಫಲಿತಾಂಶದ ಪಟ್ಟಿಯನ್ನು ನೋಡಿದರೆ ಮೊದಲು ಕೋಣಗಳ ಯಜಮಾನರ ಹೆಸರು, ಅದರ ಕೆಳಗೆ ಓಡಿಸಿದವರ ಹೆಸರು ಇರುತ್ತದೆ. ಗೆಲುವು ಕೋಣ ಮತ್ತು ಮನುಷ್ಯ ಇಬ್ಬರದೂ ಎಂಬುದು ಅಲ್ಲಿ ಮೊದಲ ಸಾಲಿನಲ್ಲೇ ತಿಳಿಯುತ್ತದೆ. ದೂರದ ಊರುಗಳ ಸುದ್ದಿಮನೆಗಳಲ್ಲಿ ವರದಿ ತಿದ್ದುವ ಡೆಸ್ಕ್‌ಗಳು ಆ ಮೊದಲ ಸಾಲನ್ನು ಕತ್ತರಿಸಿ, ಎರಡನೆಯದನ್ನು ಮಾತ್ರ ಉಳಿಸಿಕೊಂಡವು. ಪ್ರಕಟಣೆಯನ್ನೇ ತಡೆಯುವ ಅಧಿಕಾರ ಕೊಟ್ಟರೆ ಅದು ಹೋಗುವುದೂ ಕರೆಯ ಬದಿಯಲ್ಲಿ ನಿಂತು ಬರೆಯುವ ವರದಿಗಾರನ ಕೈಗಲ್ಲ, ಅದೇ ಡೆಸ್ಕ್‌ಗಳ ಕೈಗೆ. ಬೋಲ್ಟ್ ಹೆಸರು ಬರಲಿ. ಅದರ ಪಕ್ಕದಲ್ಲೇ, ಇದು ಸರಾಸರಿಯಿಂದ ತೆಗೆದ ಅಂಕಿ, ಓಟ ಕೋಣಗಳ ಜೊತೆಗಿನದು ಎಂಬ ಒಂದು ವಾಕ್ಯವೂ ಬರಲಿ.